ಮನೆ ಕಟ್ಟುವ ಅವಸರ ಎಲ್ಲಿರಬೇಕು?

ನಮಸ್ಕಾರ. ಹೊಸ ಮನೆ ಕಟ್ಟಲು ಹೊರಟವರು ಗುತ್ತಿಗೆದಾರರನ್ನು ಮೊದಲು ದುಡ್ಡಿನ ಲೆಕ್ಕ ಕೇಳುತ್ತಾರೆ, ಮರುಕ್ಷಣವೇ ದಿನಗಳ ಲೆಕ್ಕ ಕೇಳುತ್ತಾರೆ. ಎಷ್ಟು ತಿಂಗಳಲ್ಲಿ ಮುಗಿಸಿಕೊಡುತ್ತೀರಿ? ಯಾರು ಕಡಿಮೆ ತಿಂಗಳು ಹೇಳುತ್ತಾರೋ ಕೆಲಸ ಅವರ ಪಾಲಾಗುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಇಟ್ಟಿಗೆ, ಕಾಂಕ್ರೀಟಿನ ಒಂದೆರಡು ಅಂತಸ್ತಿನ ಸಾಧಾರಣ ಮನೆಗೆ ಪಾಯ ಅಗೆದ ದಿನದಿಂದ ಬಣ್ಣ ಮುಗಿಯುವ ತನಕ 8ರಿಂದ 12 ತಿಂಗಳು ಹಿಡಿಯುತ್ತದೆ. ನಕ್ಷೆ, ಪರವಾನಗಿ, ಸಾಲದ ಓಡಾಟ ಇದರಲ್ಲಿ ಸೇರಿಲ್ಲ. ನಾಲ್ಕೇ ತಿಂಗಳಲ್ಲಿ ಕೀಲಿಕೈ ಕೈಗಿಡುತ್ತೇನೆ ಎನ್ನುವವರನ್ನು ದಯವಿಟ್ಟು ಒಂದು ಮಾತು ಕೇಳಿ: ಉಳಿದ ತಿಂಗಳುಗಳನ್ನು ಯಾವ ಕೆಲಸದಿಂದ ಕಿತ್ತು ತೆಗೆಯುತ್ತೀರಿ?

ಕಿತ್ತು ತೆಗೆಯುವುದು ಸಾಮಾನ್ಯವಾಗಿ ಕ್ಯೂರಿಂಗಿನ, ಅಂದರೆ ಹೊಸ ಕಾಂಕ್ರೀಟನ್ನು ನೀರುಣಿಸಿ ತೇವವಾಗಿಡುವ ದಿನಗಳನ್ನೇ. ಆ ದಿನಗಳಲ್ಲಿ ನಿವೇಶನಕ್ಕೆ ಹೋದರೆ ಕೆಲಸ ನಿಂತಂತೆ ಕಾಣುತ್ತದೆ. ಯಾರೋ ಒಬ್ಬರು ಪೈಪ್ ಹಿಡಿದು ತಾರಸಿಗೆ ನೀರು ಬಿಡುತ್ತಿರುತ್ತಾರೆ, ಅಷ್ಟೇ. ಮಾಲೀಕರಿಗೆ ಹೊಟ್ಟೆಯುರಿ. ಆದರೆ ಆ ದಿನಗಳಲ್ಲಿಯೇ ಮನೆ ನಿಜವಾಗಿ ಗಟ್ಟಿಯಾಗುತ್ತಿರುತ್ತದೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಸಿಮೆಂಟ್ ನೀರಿನ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ಹೊಸ ಹರಳುಗಳನ್ನು, ಅಂಟನ್ನು ಹುಟ್ಟಿಸುತ್ತದೆ. ಅದು ಮರಳು, ಜಲ್ಲಿ, ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಳಗಿನ ನೀರು ಬೇಗ ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಮೇಲ್ನೋಟಕ್ಕೆ ಕಲ್ಲಿನಂತಿರುವ ತಾರಸಿ ಒಳಗೆ ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ಛಾವಣಿ ತೇವ ಹೀರಿದಾಗ, ಕೆಲವು ವರ್ಷಗಳ ಬಳಿಕ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರಿದಾಗ, ಇದರ ಮೂಲ ಆ ಒಂದು ವಾರದ ಅವಸರದಲ್ಲಿದ್ದೀತು ಎಂದು ಯಾರಿಗೂ ಹೊಳೆಯುವುದಿಲ್ಲ.

ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಬಿಡದೆ ತೇವ ಬೇಕು. ಹಾರುಬೂದಿ (ಕಲ್ಲಿದ್ದಲು ಉರಿದಾಗ ಸಿಗುವ ನುಣ್ಣನೆಯ ಬೂದಿ) ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ, ಸುಡುಬಿಸಿಲಿನ ದಿನಗಳಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಚಿಮುಕಿಸಿದರೆ ಸಾಲದು. ನಡುವೆ ಒಣಗದಂತೆ ನೋಡಿಕೊಳ್ಳಬೇಕು. ತಾರಸಿಯ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಒದ್ದೆ ಗೋಣಿ ಸುತ್ತಬೇಕು. ಒಂದು ವಾರಕ್ಕೆ ಕಾಂಕ್ರೀಟ್ ತನ್ನ ಬಲದ ಸುಮಾರು ಮೂರನೇ ಎರಡು ಭಾಗವನ್ನು ಮಾತ್ರ ಗಳಿಸಿರುತ್ತದೆ. ಎಂಜಿನಿಯರುಗಳು ಪೂರ್ಣ ಬಲದ ಲೆಕ್ಕ ಹಾಕುವುದು 28ನೇ ದಿನದ ಪರೀಕ್ಷೆಯ ಮೇಲೆ. ಹೀಗಿರುವಾಗ ಕಾಂಕ್ರೀಟ್ ಸುರಿಯಲು ಅಚ್ಚಾಗಿ ಕಟ್ಟುವ ಸೆಂಟ್ರಿಂಗ್ ಹಲಗೆ ಇನ್ನೊಂದು ಮನೆಗೆ ಬೇಕು ಎಂಬ ಕಾರಣಕ್ಕೆ ತಾರಸಿಯ ಕೆಳಗಿನ ಊರುಗಂಬಗಳನ್ನು ಮೊದಲೇ ಎಳೆದುಹಾಕುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಚಿಕ್ಕ ಕೋಣೆಯ ತಾರಸಿಗಾದರೂ ಒಂದು ವಾರ ಆಸರೆ ಬೇಕು, ಅಗಲವಾದ ಕೋಣೆಗಳಿಗೆ, ತೊಲೆಗಳಿಗೆ ಎರಡು ವಾರ, ಕೆಲವಕ್ಕೆ ಮೂರು. ಚಳಿ ಹೆಚ್ಚಾದರೆ ಸಿಮೆಂಟಿನ ಕ್ರಿಯೆಯೂ ನಿಧಾನವಾಗುವುದರಿಂದ ಇನ್ನಷ್ಟು ದಿನ.

ಗೋಡೆಗಳ ಕಥೆಯೂ ಬೇರೆಯಲ್ಲ. ಪ್ಲಾಸ್ಟರಿಂಗ್ ಆದ ಗೋಡೆಗೆ ಮೊದಲು ನೀರುಣಿಸಬೇಕು, ಆಮೇಲೆ ಆರಲು ಬಿಡಬೇಕು. ಹೊಸ ಗಾರೆಯಲ್ಲಿ ತೇವವೂ ಇರುತ್ತದೆ, ಕ್ಷಾರವೂ ಇರುತ್ತದೆ. ಸುಮಾರು ನಾಲ್ಕು ವಾರ ಕಾಯದೆ ಪುಟ್ಟಿ ಎಳೆದು ಬಣ್ಣ ಬಳಿದರೆ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೊರಬರುತ್ತದೆ. ನೆಲಕ್ಕೆ ಹಾಕಿದ ಸಿಮೆಂಟ್ ಪದರ ಆರಲು ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ದಿನ ಎಂಬುದು ವಾಡಿಕೆಯ ಲೆಕ್ಕ. 40 ಮಿಲಿಮೀಟರ್ ಪದರವೆಂದರೆ ಒಂದು ತಿಂಗಳ ಮೇಲಾಯಿತು. ಅದಕ್ಕೂ ಮೊದಲು ಮರದ ನೆಲಹಾಸು ಹಾಕಿದವರಿಗೆ ಹಲಗೆ ಸೊಟ್ಟಗಾಗುವುದನ್ನು ನೋಡುವುದೇ ಕೆಲಸ.

ಕಾರ್ಖಾನೆಯಲ್ಲಿ ಮಾಡಿದ ಗೋಡೆಗಳನ್ನು ತಂದು ಜೋಡಿಸಿ ಕೆಲವೇ ವಾರಗಳಲ್ಲಿ ಮನೆ ನಿಲ್ಲಿಸುವುದಿಲ್ಲವೇ ಎಂದು ನೀವು ಕೇಳಬಹುದು. ನಿಲ್ಲಿಸುತ್ತಾರೆ, ಒಳ್ಳೆಯ ವಿಧಾನ. ಆದರೆ ಆ ಗೋಡೆಗಳ ಕ್ಯೂರಿಂಗ್ ಕಾರ್ಖಾನೆಯೊಳಗೆ, ಎಷ್ಟೋ ಕಡೆ ಬಿಸಿ ಹಬೆಯಲ್ಲಿ ಆಗಿರುತ್ತದೆ. ಒಂದೆರಡು ದಿನದಲ್ಲಿ ಯಂತ್ರ ಮನೆಯನ್ನೇ ಮುದ್ರಿಸಿತು ಎಂಬ ವಿಡಿಯೋಗಳಲ್ಲಿ ಮುದ್ರಣವಾಗಿರುವುದು ಹೆಚ್ಚಿನ ಮಟ್ಟಿಗೆ ಗೋಡೆ ಮಾತ್ರ. ಪಾಯ, ಛಾವಣಿ, ವೈರಿಂಗ್, ನಲ್ಲಿ, ಕಿಟಕಿ ಎಲ್ಲಕ್ಕೂ ಬೇರೆ ದಿನಗಳೇ ಬೇಕು.

ಮಾಲೀಕರ ಸಂಕಟ ನನಗೆ ಅರ್ಥವಾಗುತ್ತದೆ. ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಸಾಲದ ಬಡ್ಡಿ. ಒಂದೊಂದು ತಿಂಗಳೂ ಭಾರವೇ. ಆದ್ದರಿಂದಲೇ ಹೇಳುತ್ತೇನೆ, ಅವಸರ ಮಾಡಿ, ಆದರೆ ನಿರ್ಧಾರಗಳಲ್ಲಿ ಮಾಡಿ. ತಿಂಗಳುಗಟ್ಟಲೆ ಕಾಲ ಸೋರಿಹೋಗುವುದು ಅಲ್ಲಿ. ತಾರಸಿಯಲ್ಲಿ ಅಡಗುವ ವಿದ್ಯುತ್ ಪೈಪುಗಳನ್ನು ಕಾಂಕ್ರೀಟ್ ಸುರಿಯುವ ಮೊದಲೇ ಹಾಸಬೇಕು. ಅಂದರೆ ದೀಪ, ಫ್ಯಾನ್ ಎಲ್ಲೆಲ್ಲಿ ಎಂಬುದು ಆ ಹೊತ್ತಿಗೆ ತೀರ್ಮಾನವಾಗಿರಬೇಕು. ಬಚ್ಚಲು ಇತ್ತ ಬೇಡ, ಅತ್ತ ಇರಲಿ ಎಂದು ಗೋಡೆ ಎದ್ದ ಮೇಲೆ ಹೇಳಿದರೆ ಒಡೆಯುವುದಕ್ಕೊಂದು ವಾರ, ಕಟ್ಟುವುದಕ್ಕೊಂದು ವಾರ, ಮತ್ತೆ ಕ್ಯೂರಿಂಗ್. ಅಷ್ಟರಲ್ಲಿ ಗಾರೆಯವರು ಬೇರೆ ಕೆಲಸ ಹಿಡಿದಿರುತ್ತಾರೆ, ಅವರು ಮರಳಿ ಬರುವ ತನಕ ಪ್ಲಂಬರ್ ಬರಲಾರರು, ಪ್ಲಂಬರ್ ಮುಗಿಸುವ ತನಕ ಟೈಲ್ಸ್ ಹಾಕುವವರು ಕಾಯಬೇಕು. ಟೈಲ್ಸ್ ಆರಿಸಲು ಒಂದು ತಿಂಗಳು ಅಂಗಡಿ ಅಂಗಡಿ ಸುತ್ತುವುದಾದರೆ ಆ ಸುತ್ತಾಟವನ್ನು ತಾರಸಿಯಲ್ಲಿ ನೀರು ನಿಂತಿರುವಾಗಲೇ ಮುಗಿಸಿ. ಪಾಯ ಅಗೆಯುವ ಮೊದಲು ನಕ್ಷೆಯ ಮುಂದೆ ಎರಡು ತಿಂಗಳು ಜಗಳವಾಡಿದರೂ ಪರವಾಗಿಲ್ಲ. ಕಾಗದದ ಮೇಲಿನ ಗೋಡೆಯನ್ನು ಅಳಿಸಲು ಖರ್ಚಿಲ್ಲ.

ಕರಾರು ಬರೆಯುವಾಗ ಮುಗಿಸುವ ತಾರೀಖೊಂದನ್ನೇ ಬರೆಸಬೇಡಿ. ಪ್ರತಿ ಹಂತದ ಕ್ಯೂರಿಂಗಿಗೆ ಎಷ್ಟು ದಿನ, ಆಸರೆ ತೆಗೆಯುವುದು ಎಷ್ಟನೇ ದಿನ, ನೀರು ಬಿಡುವ ಹೊಣೆ ಯಾರದು, ಎಲ್ಲವೂ ಅದರಲ್ಲಿರಲಿ. ಹಣದ ಕಂತುಗಳನ್ನು ತಿಂಗಳಿಗೆ ಕಟ್ಟಬೇಡಿ, ಮುಗಿದ ಹಂತಕ್ಕೆ ಕಟ್ಟಿ. ಮಳೆ, ಸಾಮಗ್ರಿಯ ಕೊರತೆ, ಕೆಲಸಗಾರರ ಗೈರಿಗೆಂದು ಒಂದೆರಡು ತಿಂಗಳು ಹೆಚ್ಚಿಗೆ ಹಿಡಿದುಕೊಂಡೇ ಸಾಲದ ಲೆಕ್ಕ ಹಾಕಿ. ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ತಿಳಿಸುವುದಿದ್ದರೆ, ಅದನ್ನು ಹೊಸ ಮನೆಯ ಗೋಡೆ ಆರಿ ಬಣ್ಣದ ಕೆಲಸ ಶುರುವಾದ ಮೇಲೆ ತಿಳಿಸಿ.