ಅರ್ಧ ಗ್ರಾಂ ತವರ

ಕೇಳುಗರೇ, ನಮಸ್ಕಾರ.

ಮಂಡ್ಯದ ಕಡೆಯವರಿಗೆ ಆಲೆಮನೆ ಹೊಸದಲ್ಲ. ಕಬ್ಬಿನ ಹಾಲು ಕುದಿಯುವಾಗ ಒಂದಿಷ್ಟು ಸುಣ್ಣ ಹಾಕುತ್ತಾರೆ. ಅಷ್ಟು ದೊಡ್ಡ ಕೊಪ್ಪರಿಗೆಗೆ ಅದೆಷ್ಟು ಮಹಾ! ಆದರೆ ಅದು ಕಡಿಮೆಯಾದರೆ ಬೆಲ್ಲ ಮೆತ್ತಗಾಗುತ್ತದೆ. ಅಲ್ಯೂಮಿನಿಯಂನಲ್ಲೂ ಇಂಥದ್ದೊಂದು ಚಿಟಿಕೆಯ ಕತೆ ಇದೆ.

ಬರೀ ಅಲ್ಯೂಮಿನಿಯಂ ಮೆತ್ತನೆಯ ಲೋಹ. ಒಂದು ಕೆಜಿಯಲ್ಲಿ 40 ಗ್ರಾಂ ತಾಮ್ರ ಇರುವಂತೆ ಬೆರೆಸಿ, 530 ಡಿಗ್ರಿ ಹತ್ತಿರ ಕಾಯಿಸಿದರೆ ತಾಮ್ರ ಅದರೊಳಗೆ ಕರಗಿಹೋಗುತ್ತದೆ. ತಕ್ಷಣ ನೀರಿಗೆ ಅದ್ದಿದರೆ ಹೊರಬರಲು ಸಮಯ ಸಿಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸುಮ್ನೆ ಇಟ್ಟರೂ ತಾಮ್ರದ ಪರಮಾಣುಗಳು ಗುಂಪುಗೂಡಿ ಲೋಹ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಏಜ್ ಹಾರ್ಡನಿಂಗ್. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಇದನ್ನು ಕಂಡರು. ಆ ಗುಂಪುಗಳು ಎಕ್ಸ್‌ರೇಯಲ್ಲಿ ಪತ್ತೆಯಾಗಿದ್ದು 1938ರಲ್ಲಿ, ಗಿನಿಯೆ ಮತ್ತು ಪ್ರೆಸ್ಟನ್ ಎಂಬ ವಿಜ್ಞಾನಿಗಳಿಂದ.

ತಣ್ಣಗಿನ ಗಟ್ಟಿ ಲೋಹದಲ್ಲಿ ಪರಮಾಣು ಓಡಾಡುವುದಾದರೂ ಹೇಗೆ? ತುಂಬಿದ ಬಸ್ಸಿನಲ್ಲಿ ಒಬ್ಬರು ಇಳಿದರೆ ತಾನೇ ಇನ್ನೊಬ್ಬರು ಸರಿಯಬಹುದು, ಅಲ್ವಾ? ಪರಮಾಣುಗಳ ಸಾಲಿನಲ್ಲೂ ಖಾಲಿ ಜಾಗಗಳಿರುತ್ತವೆ. ಕಾದಾಗ ಅವು ಜಾಸ್ತಿ. ಥಟ್ಟನೆ ತಣಿಸಿದಾಗ ಅವೂ ಒಳಗೇ ಉಳಿಯುತ್ತವೆ. ತಾಮ್ರ ಅವುಗಳನ್ನು ಹಿಡಿದೇ ಮುಂದೆ ಸಾಗುತ್ತದೆ.

ಈಗ ಆ ಕೆಜಿಗೆ ಅರ್ಧ ಗ್ರಾಂ ತವರ ಸೇರಿಸಿ. ತವರದ ಪರಮಾಣು ದೊಡ್ಡದು. ಖಾಲಿ ಜಾಗ ಪಕ್ಕದಲ್ಲಿದ್ದರೆ ಅದಕ್ಕೆ ಆರಾಮ. ಅದಕ್ಕೇ ಆ ಜಾಗಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ತಾಮ್ರಕ್ಕೆ ದಾರಿಯೇ ಇಲ್ಲ! ಹೊರಗೆ ಇಟ್ಟ ಲೋಹ ಗಟ್ಟಿಯಾಗುವುದು ತೀರಾ ನಿಧಾನವಾಗುತ್ತದೆ.

ಹಾಗಾದರೆ ತವರ ಕೆಲಸ ಕೆಡಿಸಿತಾ? ಅದೇ ತುಂಡನ್ನು 190 ಡಿಗ್ರಿ ಓವನ್‌ನಲ್ಲಿಟ್ಟು ನೋಡಿ. ತವರದ ಪುಟ್ಟ ಕಣಗಳು ಹುಟ್ಟುತ್ತವೆ. ಅವುಗಳ ಪಕ್ಕದಲ್ಲೇ ತಾಮ್ರ, ಅಲ್ಯೂಮಿನಿಯಂ ಕೂಡಿದ ತೆಳು ಬಿಲ್ಲೆಗಳು ಬೆಳೆಯುತ್ತವೆ. ತವರವಿಲ್ಲದಿದ್ದರೆ ಬಿಲ್ಲೆಗಳು ದಪ್ಪ, ಅಲ್ಲೊಂದು ಇಲ್ಲೊಂದು. ತವರವಿದ್ದರೆ ಚಿಕ್ಕವು, ಒತ್ತೊತ್ತಾಗಿ. ಲೋಹ ಬೇಗ ಗಟ್ಟಿಯಾಗುತ್ತದೆ, ಮೊದಲಿಗಿಂತ ಹೆಚ್ಚೇ ಗಟ್ಟಿಯಾಗುತ್ತದೆ. ತಣ್ಣಗಿದ್ದಾಗ ತಡೆದದ್ದೇ ಕಾದಾಗ ಕೈಹಿಡಿಯುತ್ತದೆ. ಎಷ್ಟು ಸಲ ಓದಿದರೂ ನನಗೆ ಇದರ ಬೆರಗು ಹೋಗಿಲ್ಲ. ಕ್ಯಾಡ್ಮಿಯಂ, ಇಂಡಿಯಂ ಕೂಡ ಹೀಗೇ.

ಮೈಸೂರಿನ ಹೆಬ್ಬಾಳದಲ್ಲಿ ಎರಕ ಹಾಕುವ ಗೆಳೆಯರಿಗೆ ಒಂದು ಮಾತು. ಗುಜರಿ ಅಲ್ಯೂಮಿನಿಯಂ ಕರಗಿಸಿದರೆ ಅದರಲ್ಲಿ ಮೆಗ್ನೀಸಿಯಂ ಇರಬಹುದು. ತವರ ಅದರ ಜತೆ ಸೇರಿಕೊಂಡರೆ ಈ ಕೆಲಸಕ್ಕೆ ಉಳಿಯುವುದಿಲ್ಲ. ತವರ ತೂಗುವ ಮೊದಲು, ಲೋಹದಲ್ಲಿ ಏನೇನಿದೆ ಅಂತ ತೋರಿಸುವ ಸ್ಪೆಕ್ಟ್ರೋ ರಿಪೋರ್ಟಿನಲ್ಲಿ ಮೆಗ್ನೀಸಿಯಂ ಎಷ್ಟಿದೆ ಅಂತ ನೋಡಿಕೊಳ್ಳಿ.

ನಮಸ್ಕಾರ.