ಒಂದೇ ತುತ್ತಿನ ಕ್ರಿಸ್‌ಮಸ್ ಸಿಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಬೀದರ್‌ನ ಮಂಗಲಪೇಟೆ ಕಡೆ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ರಾತ್ರಿ ಕ್ಯಾರಲ್ ಹಾಡುವ ತಂಡಗಳು ಮನೆ ಮನೆಗೆ ಬರುತ್ತವೆ. ಹತ್ತಿಪ್ಪತ್ತು ಹುಡುಗರು, ಒಂದು ಡೋಲಕ್, ಒಂದು ಗಿಟಾರು. ಹಾಡು ಮುಗಿದ ಮೇಲೆ ಚಹಾ ಕೊಡಬೇಕು, ಜೊತೆಗೆ ಬಾಯಿಗೆ ಏನಾದರೂ ಬೇಕು. ಅವರಿಗೆ ಕೂರಲು ಪುರಸೊತ್ತಿಲ್ಲ, ಇನ್ನೂ ನಾಲ್ಕು ಮನೆ ಬಾಕಿ ಇರುತ್ತವೆ. ಅಂಥವರ ಕೈಗೆ ಪ್ಲೇಟು, ಚಮಚ, ಕೇಕಿನ ದೊಡ್ಡ ತುಂಡು ಕೊಟ್ಟರೆ ಏನಾಗುತ್ತದೆ? ಅರ್ಧ ತಿಂದು, ಅರ್ಧ ಕಿಟಕಿಯ ಮೇಲೆ ಇಟ್ಟು ಹೋಗುತ್ತಾರೆ. ಹಬ್ಬದ ದಿನ ಬರುವ ನೆಂಟರದೂ ಅದೇ ಕಥೆ. ಬೇರೆ ಮನೆಯಲ್ಲಿ ತಿಂದೇ ಬಂದಿರುತ್ತಾರೆ, ಇಲ್ಲಿಂದ ಇನ್ನೊಂದು ಮನೆಗೆ ಹೋಗಬೇಕು. ಬೇಡ ಅನ್ನಲು ಮನಸ್ಸಿಲ್ಲ, ತಿನ್ನಲು ಹೊಟ್ಟೆಯಲ್ಲಿ ಜಾಗ ಇಲ್ಲ. ಅದಕ್ಕೇ ಇವತ್ತು ಒಂದೇ ತುತ್ತಿಗೆ ಮುಗಿಯುವ ಸಿಹಿಗಳ ಬಗ್ಗೆ ಮಾತಾಡೋಣ.

ದೊಡ್ಡ ಕೇಕನ್ನೇ ಸಣ್ಣಗೆ ಕತ್ತರಿಸಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಕತ್ತರಿಸಿದ ಬದಿಯಿಂದ ಕೇಕ್ ಬೇಗ ಒಣಗುತ್ತದೆ. ನಮ್ಮ ಕಡೆಯ ಒಣ ಚಳಿಗಾಳಿಗೆ ಇನ್ನೂ ಬೇಗ. ಪುಡಿ ಉದುರಿ ಜಮಖಾನೆಯೆಲ್ಲ ಕೇಕ್ ಆಗುತ್ತದೆ. ಇನ್ನೊಂದು ಮಾತು. ತುತ್ತು ಸಣ್ಣದಾದಷ್ಟೂ ರುಚಿ ಜೋರಾಗಿರಬೇಕು. ದೊಡ್ಡ ತುಂಡಾದರೆ ಎರಡನೇ, ಮೂರನೇ ತುತ್ತಿಗೆ ಮಸಾಲೆ ನಾಲಿಗೆಗೆ ಹತ್ತುತ್ತದೆ. ಇಲ್ಲಿ ಎರಡನೇ ತುತ್ತೇ ಇಲ್ಲ. ಹಾಗಾಗಿ ದಾಲ್ಚಿನ್ನಿ, ಲವಂಗ, ಜಾಜಿಕಾಯಿ ಸ್ವಲ್ಪ ಮುಂದೆ ಇರಲಿ, ಸಕ್ಕರೆ ಸ್ವಲ್ಪ ಹಿಂದೆ ಇರಲಿ. ಚಿಟಿಕೆ ಉಪ್ಪು ಮರೆಯಬೇಡಿ. ಉಪ್ಪಿಲ್ಲದ ಸಿಹಿ ಬರೀ ಸಿಹಿ.

ಈಗ ಮೊದಲನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪಡ್ಡಿನ ಹಂಚಿನಲ್ಲಿ ಪ್ಲಮ್ ಕೇಕ್. ಓವನ್ ಬೇಡ, ಕೇಕಿನ ಡಬ್ಬಿ ಬೇಡ. ಬೆಳಿಗ್ಗೆ ಪಡ್ಡು ಮಾಡಿದ ಹಂಚೇ ಸಾಕು. ಆದರೆ ಈರುಳ್ಳಿ, ಮೆಣಸಿನಕಾಯಿ ವಾಸನೆ ಹೋಗುವ ಹಾಗೆ ಚೆನ್ನಾಗಿ ತೊಳೆದಿರಬೇಕು. ಬರೆದುಕೊಳ್ಳುವವರು ಪೆನ್ನು ತಗೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಹಿಂದಿನ ರಾತ್ರಿಯೇ ಒಣದ್ರಾಕ್ಷಿ, ಖಜೂರ, ಟೂಟಿ ಫ್ರೂಟಿ, ಗೋಡಂಬಿ ಎಲ್ಲ ಸೇರಿ ಅರ್ಧ ಕಪ್ ಆಗುವಷ್ಟು ತಗೊಂಡು, ಬಟಾಣಿ ಕಾಳಿಗಿಂತ ಸಣ್ಣಗೆ ಹೆಚ್ಚಿ. ದೊಡ್ಡ ತುಂಡು ಹಾಕಿದರೆ ಒಂದು ಗುಳಿಯಲ್ಲಿ ಖಜೂರ ಮಾತ್ರ, ಇನ್ನೊಂದರಲ್ಲಿ ಹಿಟ್ಟು ಮಾತ್ರ ಆಗುತ್ತದೆ. ಇವು ಮುಳುಗುವಷ್ಟು ಸಂತ್ರಾ ಹಣ್ಣಿನ ರಸ ಹಾಕಿ ಮುಚ್ಚಿಡಿ. ಈ ದಿನಗಳಲ್ಲಿ ನಾಗಪುರದ ಸಂತ್ರಾ ಮಾರ್ಕೆಟ್ಟಿಗೆ ಬಂದಿರುತ್ತದೆ. ಹಲವು ಕಡೆ ರಮ್ಮಿನಲ್ಲಿ ನೆನೆಸುತ್ತಾರೆ. ಅದು ಅವರವರ ಪದ್ಧತಿ. ಆದರೆ ನಮ್ಮ ಓಣಿಗಳಲ್ಲಿ ಪಕ್ಕದ ಮನೆ ಮುಸ್ಲಿಮರದು, ಎದುರಿನ ಮನೆ ಲಿಂಗಾಯತರದು. ಒಂದೇ ತಟ್ಟೆ ಎಲ್ಲ ಮನೆಗೂ ಹೋಗುತ್ತದೆ. ಅದಕ್ಕೇ ಸಂತ್ರಾ ರಸ, ಅದಕ್ಕೇ ಮೊಟ್ಟೆಯ ಬದಲು ಮೊಸರು.

ಇನ್ನು ಕೇಕಿಗೆ ಬಣ್ಣ ಕೊಡುವ ಸುಟ್ಟ ಸಕ್ಕರೆಯ ಪಾಕ. ದಪ್ಪ ತಳದ ಪಾತ್ರೆಗೆ ಕಾಲು ಕಪ್ ಸಕ್ಕರೆ ಹಾಕಿ, ನೀರು ಹಾಕದೆ ಸಣ್ಣ ಉರಿಯಲ್ಲಿ ಕರಗಿಸಿ. ಮೊದಲು ಜೇನಿನ ಬಣ್ಣ ಬರುತ್ತದೆ, ಆಮೇಲೆ ಕಾಫಿ ಬಣ್ಣ. ಹೊಗೆ ಏಳುವ ಸೂಚನೆ ಕಂಡ ತಕ್ಷಣ ಒಲೆ ಆರಿಸಿ. ಇನ್ನೊಂದು ನಿಮಿಷ ಬಿಟ್ಟರೆ ಕಹಿ. ಈಗ ಕಾಲು ಕಪ್ ಬಿಸಿನೀರು ಹಾಕಬೇಕು. ದೂರ ನಿಂತು, ಸ್ವಲ್ಪ ಸ್ವಲ್ಪವಾಗಿ ಹಾಕಿ. ಸರ್ರನೆ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಕಲಸಿ ಆರಲು ಬಿಡಿ.

ಒಂದು ಕಪ್ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಮಸಾಲೆ ಪುಡಿ ಎಲ್ಲ ಸೇರಿ ಅರ್ಧ ಟೀ ಚಮಚ, ಚಿಟಿಕೆ ಉಪ್ಪು ಹಾಕಿ ಜರಡಿ ಹಿಡಿಯಿರಿ. ಬೇರೆ ಪಾತ್ರೆಯಲ್ಲಿ ಅರ್ಧ ಕಪ್ ಬೆಲ್ಲದ ಪುಡಿ, ಕಾಲು ಕಪ್ ಕರಗಿಸಿದ ಬೆಣ್ಣೆ, ಕಾಲು ಕಪ್ ಗಟ್ಟಿ ಮೊಸರು, ಆರಿದ ಸಕ್ಕರೆ ಪಾಕ. ಬೀದರ್ ಕಬ್ಬಿನ ಜಿಲ್ಲೆ, ಈಗ ಹೊಸ ಬೆಲ್ಲದ ಕಾಲ. ಹೊಸ ಬೆಲ್ಲಕ್ಕೆ ಪರಿಮಳ ಜಾಸ್ತಿ, ಆದರೆ ತೇವವೂ ಜಾಸ್ತಿ. ಹೆರೆದು ತಟ್ಟೆಯಲ್ಲಿ ಸ್ವಲ್ಪ ಹೊತ್ತು ಹರಡಿಟ್ಟರೆ ಗಂಟಾಗುವುದಿಲ್ಲ. ಎರಡನ್ನೂ ಸೇರಿಸಿ ಮೆಲ್ಲಗೆ ಕಲಸಿ. ಇಡ್ಲಿ ಹಿಟ್ಟಿನ ಹದ ಬರಬೇಕು. ಗಟ್ಟಿಯಾದರೆ ಎರಡು ಚಮಚ ಹಾಲು. ಜಾಸ್ತಿ ತಿರುವಬೇಡಿ, ತಿರುವಿದಷ್ಟೂ ಮೈದಾ ಜಿಗುಟಾಗಿ ಕೇಕ್ ರಬ್ಬರಿನಂತಾಗುತ್ತದೆ. ನೆನೆಸಿದ ಹಣ್ಣನ್ನು ಸೋಸಿ, ಒಂದು ಚಮಚ ಒಣ ಮೈದಾದಲ್ಲಿ ಹೊರಳಿಸಿ ಕೊನೆಗೆ ಹಾಕಿ. ಹಾಗೆ ಮಾಡಿದರೆ ಹಣ್ಣು ತಳಕ್ಕೆ ಇಳಿಯುವುದು ಕಡಿಮೆ.

ಹಂಚಿನ ಕೆಳಗೆ ಹಳೆಯ ತವೆಯೊಂದನ್ನು ಇಡಿ, ಉರಿ ಅತಿ ಸಣ್ಣಗಿರಲಿ. ಬೆಲ್ಲದ ಹಿಟ್ಟು ಬೇಗ ಹತ್ತುತ್ತದೆ. ಗುಳಿಗೆ ತುಪ್ಪ ಸವರಿ, ಮುಕ್ಕಾಲು ಮಟ್ಟಕ್ಕೆ ಹಿಟ್ಟು ಹಾಕಿ ಮುಚ್ಚಿ. ಐದಾರು ನಿಮಿಷಕ್ಕೆ ಮೇಲ್ಭಾಗ ಒಣಗಿದಂತೆ ಕಾಣುತ್ತದೆ. ತಿರುವಿ ಹಾಕಿ, ಇನ್ನೆರಡು ನಿಮಿಷ ಮುಚ್ಚದೆ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಇಷ್ಟು ಹಿಟ್ಟಿಗೆ ಎರಡು ಮೂರು ಹಂಚು ಆಗುತ್ತವೆ. ಬೇಯಲು ಕಾದಿರುವ ಹಿಟ್ಟು ಸ್ವಲ್ಪ ಇಳಿಯುತ್ತದೆ, ಹಾಗಾಗಿ ತಡ ಮಾಡದೆ ಒಂದಾದ ಮೇಲೊಂದು ಹಾಕಿ.

ಪಡ್ಡಿನ ಹಂಚಿನಲ್ಲಿ ಬೆಂದದ್ದು ಕ್ರಿಸ್‌ಮಸ್ ಕೇಕ್ ಹೇಗಾಗುತ್ತದೆ ಅಂತ ಮೂಗು ಮುರಿಯುವವರೂ ಇದ್ದಾರೆ. ನಮ್ಮ ದೇಶದಲ್ಲಿ ಈ ಕೇಕನ್ನು ಮೊದಲು ಮಾಡಿದ್ದು ಕೇರಳದ ತಲಶ್ಶೇರಿಯ ಮಂಬಳ್ಳಿ ಬಾಪು ಎಂಬ ಬೇಕರಿಯವರು, 1883ರಲ್ಲಿ, ಅಂತ ಹೇಳುತ್ತಾರೆ. ಒಬ್ಬ ಬ್ರಿಟಿಷ್ ದೊರೆ ತಂದು ಕೊಟ್ಟ ಕೇಕಿನ ರುಚಿ ನೋಡಿ, ಅಲ್ಲಿಯದೇ ಮಸಾಲೆ, ಅಲ್ಲಿಯದೇ ಹಣ್ಣು ಹಾಕಿ ಮಾಡಿದರಂತೆ. ಅಂದಮೇಲೆ ಮೊದಲಿನಿಂದಲೂ ಇದು ಊರಿನ ಸಾಮಾನು ಸೇರಿಯೇ ಆದ ಕೇಕ್. ನಮ್ಮ ಬೆಲ್ಲ, ನಮ್ಮ ಹಂಚಿಗೆ ಯಾಕೆ ನಾಚಿಕೆ?

ಎರಡನೆಯದಕ್ಕೆ ಒಲೆಯ ಕೆಲಸ ಕಡಿಮೆ. ನಮ್ಮ ಎಳ್ಳ ಅಮಾವಾಸ್ಯೆಯೂ ಇದೇ ಹೊತ್ತಿಗೆ ಬರುತ್ತದೆ, ಒಂದು ವರ್ಷ ಕ್ರಿಸ್‌ಮಸ್‌ಗೆ ಮುಂಚೆ, ಇನ್ನೊಂದು ವರ್ಷ ಆಮೇಲೆ. ಹೊಲಕ್ಕೆ ಒಯ್ಯುವ ಬುತ್ತಿಗೆಂದು ಕಲಬುರಗಿ, ಯಾದಗಿರಿ, ಬೀದರ್ ಕಡೆ ಮನೆ ಮನೆಯಲ್ಲೂ ಎಳ್ಳು, ಶೇಂಗಾ ತಂದಿಟ್ಟಿರುತ್ತಾರೆ. ಅದರಲ್ಲೇ ಸ್ವಲ್ಪ ಎತ್ತಿಕೊಳ್ಳಿ. 200 ಗ್ರಾಂ ಮಾರಿ ಬಿಸ್ಕತ್ತು ಪುಡಿ ಮಾಡಿ. ಅರ್ಧ ಕಪ್ ಹುರಿದ ಶೇಂಗಾದ ತರಿ, ಎರಡು ಚಮಚ ಹುರಿದ ಎಳ್ಳು, ಮೂರು ದೊಡ್ಡ ಚಮಚ ಕೋಕೋ ಪುಡಿ ಸೇರಿಸಿ. ಕಂಡೆನ್ಸ್ಡ್ ಮಿಲ್ಕ್ ಸುಮಾರು 200 ಗ್ರಾಂ ಬೇಕಾಗುತ್ತದೆ, ಆದರೆ ಒಮ್ಮೆಲೇ ಸುರಿಯಬೇಡಿ. ಉಂಡೆ ಕಟ್ಟಲು ಬಂದ ಕೂಡಲೇ ನಿಲ್ಲಿಸಿ. ದೊಡ್ಡ ಗೋಲಿಗುಂಡಿನಷ್ಟು ಕಟ್ಟಿ, ಒಣ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಮೂವತ್ತರ ಹತ್ತಿರ ಆಗುತ್ತವೆ. ಪುಸ್ತಕಗಳಲ್ಲಿ ಈ ಬಿಳಿ ತುರಿಗೆ ಹಿಮ ಅಂತಾರೆ. ಹಿಮ ನಾವು ನೋಡಿಲ್ಲ, ಕೊಬ್ಬರಿ ನೋಡಿದ್ದೇವೆ, ಅಷ್ಟು ಸಾಕು. ಬೀದರ್‌ನ ರಾತ್ರಿ ಚಳಿಗೆ ಫ್ರಿಜ್ ಕೂಡ ಬೇಡ, ಮುಚ್ಚಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತವೆ. ಕಲಬುರಗಿ, ಯಾದಗಿರಿಯವರು ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಅಲಂಕಾರಕ್ಕೆ ಅಂಗಡಿಯಿಂದ ಜೆಲ್ಲಿ ಮಿಠಾಯಿ, ಮಾರ್ಷ್‌ಮೆಲೋ ತರುವವರು ಪೊಟ್ಟಣ ತಿರುಗಿಸಿ ನೋಡಿ. ಅವುಗಳಲ್ಲಿ ಎಷ್ಟೋ ಬಾರಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ಬರುವುದು. ಹಸಿರು ಚುಕ್ಕೆ ಇದ್ದರೆ ಮಾತ್ರ ಸಸ್ಯಾಹಾರಿ. ನನ್ನ ಕೇಳಿದರೆ ಒಂದು ಚೂರು ಕೆಂಪು ಚೆರ್ರಿ, ಒಂದು ಹಸಿರು ಪಿಸ್ತಾ ಇಟ್ಟರೆ ಹಬ್ಬದ ಬಣ್ಣ ಬಂದೇ ಬಂತು.

ಕರಿದದ್ದೂ ಒಂದಿರಲಿ ಅನ್ನುವವರಿಗೆ ಕುಲ್‌ಕುಲ್ ಇದೆ. ಶಂಕರಪಾಳಿ ಮಾಡಲು ಬಂದರೆ ಇದೂ ಬಂದಂತೆಯೇ. ಅದೇ ಹಿಟ್ಟನ್ನು ನೀರಿನ ಬದಲು ತೆಂಗಿನ ಹಾಲಿನಲ್ಲಿ ನಾದಿ, ಕಡಲೆ ಗಾತ್ರದ ಗುಂಡನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಬೇಕು. ಸಣ್ಣ ಉರಿಯಲ್ಲಿ ಕರಿಯಿರಿ. ಜೋರು ಉರಿಗೆ ಹೊರಗೆ ಕೆಂಪು, ಒಳಗೆ ಹಸಿ. ಒಬ್ಬರೇ ಕೂತರೆ ಬೇಜಾರಾಗುವ ಕೆಲಸ ಇದು. ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳಿ. ಕರ್ಚಿಕಾಯಿಯನ್ನೂ ಸಣ್ಣದಾಗಿ ಮಾಡಬಹುದು, ಔಷಧದ ಬಾಟಲಿಯ ಮುಚ್ಚಳ ಬೇಡ, ಅದು ತೀರಾ ಸಣ್ಣದು. ಜಾಮ್ ಬಾಟಲಿಯ ಮುಚ್ಚಳದಿಂದ ಹಾಳೆ ಕತ್ತರಿಸಿ. ಪುಟಾಣಿ, ಕೊಬ್ಬರಿ, ಸಕ್ಕರೆಯ ಹೂರಣ ಒಂದು ಟೀ ಚಮಚ ಮಾತ್ರ. ಹೆಚ್ಚಾದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಆ ಎಣ್ಣೆ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಊಟ ಇರುವ ಪಾರ್ಟಿಯಾದರೆ ಒಬ್ಬರಿಗೆ ಒಟ್ಟು ನಾಲ್ಕೈದು ತುತ್ತು. 25 ಜನ ಬರುತ್ತಾರೆ ಅಂದರೆ ನೂರರಿಂದ 125. ಮೂರು ಬಗೆ ಸಾಕು, ಏಳು ಬಗೆ ಮಾಡಿ ಹಬ್ಬದ ದಿನ ಸುಸ್ತಾಗಿ ಮಲಗುವುದು ಬೇಡ. ಕರಿದದ್ದನ್ನು ವಾರ ಮುಂಚೆ ಮಾಡಿಡಬಹುದು. ಬಿಸ್ಕತ್ತಿನ ಉಂಡೆ ಹಿಂದಿನ ದಿನ. ಕೇಕ್ 24ರ ಸಂಜೆ ಅಥವಾ ಹಬ್ಬದ ದಿನವೇ ಬೆಳಿಗ್ಗೆ. ಸಕ್ಕರೆ ಕಾಯಿಲೆ ಇರುವ ಹಿರಿಯರ ಮುಂದೆ ತಟ್ಟೆ ಇಟ್ಟು ಹೋಗಬೇಡಿ. ಸಣ್ಣದು ತಾನೇ ಅಂತ ಆರು ಹೊಟ್ಟೆಗೆ ಹೋಗಿರುತ್ತವೆ.

ಡಬ್ಬಿ ತುಂಬುವಾಗ ಕುಲ್‌ಕುಲ್, ಕರ್ಚಿಕಾಯಿ ಒಂದು ಡಬ್ಬಿ, ಕೇಕ್ ಮತ್ತು ಉಂಡೆ ಇನ್ನೊಂದು. ಒಟ್ಟಿಗೆ ಇಟ್ಟರೆ ಕೇಕಿನ ತೇವಕ್ಕೆ ಕರಿದದ್ದು ಮೆತ್ತಗಾಗುತ್ತದೆ. ಮೊಟ್ಟೆ ಹಾಕಿ ಮಾಡಿದ್ದು ಏನಾದರೂ ಇದ್ದರೆ ಅದರ ಡಬ್ಬಿಯೇ ಬೇರೆ ಇರಲಿ, ಕೊಡುವಾಗ ಬಾಯಿಬಿಟ್ಟು ಹೇಳಿ. ಹುಮನಾಬಾದ್‌ಗೋ ಶಹಾಪುರಕ್ಕೋ ಬಸ್ಸಿನಲ್ಲಿ ಒಯ್ಯುವವರು ಕೇಕ್ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರು ಬಿಟ್ಟು, ಬೇಗ ಬೂಸು ಹಿಡಿಯುತ್ತದೆ.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯ. ನಮಸ್ಕಾರ.