ಶೆಲ್ ಎಂಬ ಸಿಪ್ಪೆಯ ಚರಿತ್ರೆ

[ದೃಶ್ಯ: ತೀರ್ಥಹಳ್ಳಿ ಸಮೀಪದ ಮನೆಯಂಗಳ. ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದಾರೆ.]

ನಿರೂಪಣೆ: ನಮಸ್ಕಾರ. ಅಡಿಕೆ ಸುಲಿಯುವಾಗ ಸಿಪ್ಪೆಯನ್ನು ಯಾರೂ ತಿರುಗಿ ನೋಡುವುದಿಲ್ಲ, ಬೆಲೆಯೆಲ್ಲ ಒಳಗಿನದಕ್ಕೆ. ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನೆಲ್ ಎಂದೂ, ನಾವು ಟೈಪಿಸಿದ ಆದೇಶವನ್ನು ಓದಿ ಅದರಂತೆ ಕೆಲಸ ನಡೆಸುವ ಪ್ರೋಗ್ರಾಮಿಗೆ ಶೆಲ್, ಅಂದರೆ ಸಿಪ್ಪೆ ಎಂದೂ ಹೆಸರು. ಇಲ್ಲಿ ಮಾತ್ರ ನಮ್ಮ ವ್ಯವಹಾರವೆಲ್ಲ ಸಿಪ್ಪೆಯೊಡನೆಯೇ.

1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಸಿಟಿಎಸ್‌ಎಸ್ ಎಂಬ ಆಪರೇಟಿಂಗ್ ಸಿಸ್ಟಂಗಾಗಿ ಲೂಯಿ ಪೂಜಾನ್ ಅವರು, ಕಡತದಲ್ಲಿ ಬರೆದಿಟ್ಟ ಆದೇಶಗಳನ್ನು ಸಾಲಾಗಿ ನಡೆಸುವ ರನ್‌ಕಾಮ್ ಎಂಬ ಪ್ರೋಗ್ರಾಮನ್ನು ರಚಿಸಿದರು. ಅದರ ನಂತರದ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯ ಸಂದರ್ಭದಲ್ಲಿ ಶೆಲ್ ಎಂಬ ಹೆಸರಿಟ್ಟವರೂ ಅವರೇ. ಈ ರನ್‌ಕಾಮ್ ನೆನಪಿರಲಿ.

1971ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಬರೆದ ಶೆಲ್, ಕರ್ನೆಲ್‌ನ ಹೊರಗೆ ನಿಂತ ಮಾಮೂಲಿ ಪ್ರೋಗ್ರಾಮಾಗಿತ್ತು. ಒಪ್ಪಿಗೆಯಾಗದಿದ್ದರೆ ತಿರುಳನ್ನು ಮುಟ್ಟದೆ ಬೇರೊಂದನ್ನು ಬರೆದುಕೊಳ್ಳಬಹುದಿತ್ತು. ಮುಂದೆ ಇಷ್ಟೊಂದು ಶೆಲ್‌ಗಳು ಹುಟ್ಟಿದ್ದು ಇದರಿಂದಲೇ.

[ದೃಶ್ಯ: ಬೆಟ್ಟದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರು.]

ತೋಟದ ನೀರಿನ ಪೈಪುಗಳಂತೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸುವಂತಿರಬೇಕೆಂದು ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿದ್ದರು. ಅದು ಯುನಿಕ್ಸ್‌ನಲ್ಲಿ ಕೈಗೂಡಿದ್ದು 1973ರಲ್ಲಿ.

[ಪರದೆ: ಸಾರ್ಟ್ ಮೂಟೆಗಳು | ಯೂನಿಕ್ -ಸಿ]

ಶಿವಮೊಗ್ಗದ ಮಂಡಿಗೆ ಹೊರಟ ಒಂದೊಂದು ಮೂಟೆಗೂ ರಾಶಿ, ಬೆಟ್ಟೆ, ಗೊರಬಲು ಎಂದು ಒಂದೊಂದು ಸಾಲು ಬರೆದಿಟ್ಟ ಕಡತವಿದೆ ಎನ್ನಿ. ಸಾರ್ಟ್ ಒಂದೇ ಹೆಸರಿನ ಸಾಲುಗಳನ್ನು ಒತ್ತಟ್ಟಿಗೆ ತರುತ್ತದೆ, ನಡುವಿನ ನೆಟ್ಟಗೆರೆ ಅವನ್ನು ಮುಂದಕ್ಕೆ ಹಾಯಿಸುತ್ತದೆ, ಯೂನಿಕ್ ಎಣಿಸುತ್ತದೆ. ಯೂನಿಕ್‌ಗೆ ಕಾಣುವುದು ಅಕ್ಕಪಕ್ಕದ ಸಮಾನ ಸಾಲುಗಳಷ್ಟೇ ಆದ್ದರಿಂದ, ಸಾರ್ಟ್ ಮಾಡದೆ ಕೊಟ್ಟರೆ ರಾಶಿಯ ಲೆಕ್ಕ ನಾಲ್ಕು ಕಡೆ ಚೂರುಚೂರಾಗಿ ಬರುತ್ತದೆ. ಎರಡರಲ್ಲಿ ಯಾವುದಕ್ಕೂ ಇನ್ನೊಂದರ ಪರಿಚಯವಿಲ್ಲ, ಜೋಡಿಸಿದ್ದು ಶೆಲ್.

1979ರ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನ್ ಅವರ ಶೆಲ್ ಬಂದಿತು. ಆಲ್ಗಾಲ್ 68 ಭಾಷೆಯ ಮೇಲಿನ ಅಭಿಮಾನದಿಂದ ಅವರು ‘ಇಫ್’ ಎಂದು ಶುರುವಾಗುವ ಷರತ್ತನ್ನು ಆ ಪದವನ್ನೇ ತಿರುಗಿಸಿ ‘ಫೈ’ ಎಂದು ಮುಗಿಸಿದರು. ಹಾಗೆಯೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವಾಗ ಬರುವ ‘ಡೂ’ ತಿರುಗಿಸಿದರೆ ‘ಓಡಿ’ ಆಗಬೇಕಿತ್ತು, ಆದರೆ ಆ ಹೆಸರಿನ ಆದೇಶ ಆಗಲೇ ಇದ್ದುದರಿಂದ ‘ಡನ್’ ಎಂದಾಯಿತು. ಇಂದಿಗೂ ಹೊಸಬರು ಇಲ್ಲಿ ಎಡವುತ್ತಾರೆ. ಅದೇ ಕಾಲದಲ್ಲಿ ಬರ್ಕ್‌ಲಿಯ ಬಿಲ್ ಜಾಯ್ ಅವರ ಸಿ ಶೆಲ್, ಹಿಂದಿನ ಆದೇಶಗಳನ್ನು ನೆನಪಿಟ್ಟುಕೊಳ್ಳುವುದನ್ನು ತಂದಿತು. ನಮ್ಮ ಕಡತಗಳಿರುವ ಹೋಮ್ ಡೈರೆಕ್ಟರಿಗೆ ಟಿಲ್ಡೆ (~) ಚಿಹ್ನೆ ಬಂದದ್ದೂ ಅಲ್ಲಿಂದಲೇ. ಅವರು ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್‌ನ ಕೀಲಿಮಣೆಯಲ್ಲಿ ಹೋಮ್ ಮತ್ತು ಟಿಲ್ಡೆ ಒಂದೇ ಕೀಲಿಯ ಮೇಲಿದ್ದವು.

1989ರಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ತಂತ್ರಾಂಶಗಳ ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್ ಹೊರಬಂದಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಜೊತೆಗೆ ಲೋಕವೆಲ್ಲ ಹಬ್ಬಿತು. 2019ರಲ್ಲಿ ಆಪಲ್ ತನ್ನ ಮ್ಯಾಕ್‌ಗಳ ಮೊದಲ ಆಯ್ಕೆಯನ್ನು ಬ್ಯಾಷ್‌ನಿಂದ ಝಡ್ ಶೆಲ್‌ಗೆ ಬದಲಿಸಿತು.

[ಪರದೆ: .ಝಡ್‌ಎಸ್‌ಎಚ್‌ಆರ್‌ಸಿ]

ಆ ಶೆಲ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ ಇದು. ಹೆಸರಿನ ಕೊನೆಯ ‘ಆರ್‌ಸಿ’, ಪೂಜಾನ್ ಅವರ ರನ್‌ಕಾಮ್‌ನಿಂದ ಉಳಿದು ಬಂದದ್ದು.